ಕರೆಂಟು ಹೋದಾಗ ಪಾಲಿಸಬೇಕಾದ ಕ್ರಮ

ಕರೆಂಟು ಹೋದರೆ ಹೋಗಲಿ, ಶಿಸ್ತು ಹೋಗಬಾರದು. ಇದು ನನ್ನ ಸಿದ್ಧಾಂತ. ಸರಕಾರಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ನಟ್ಟು ಬೋಲ್ಟುಗಳನ್ನು ಸೈಜಿನ ಪ್ರಕಾರ ಜೋಡಿಸಿಟ್ಟವನಿಗೆ ಮೂರು ಕಂಪ್ಯೂಟರು ಆಫ್ ಮಾಡಿಸುವುದು ಯಾವ ಮಹಾವಿದ್ಯೆ!

ಆಗ ನಾವು ಲಿಂಗರಾಜಪುರದಲ್ಲಿ ಒಂದರ ಮೇಲೊಂದು ಮೂರು ಮನೆಗಳಿದ್ದ ಕಟ್ಟಡದಲ್ಲಿ ಬಾಡಿಗೆಗಿದ್ದೆವು. ಕೆಳಗೆ ಕಾನ್ವೆಂಟ್ ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಫಿಲೋಮಿನಾ, ನಡುವೆ ರಿಯಾಜ್ ಭಾಯ್, ಮೇಲೆ ನಾನು ಮತ್ತು ನನ್ನ ಹೆಂಡತಿ ಸರಳಾ. ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ. ಮೂರೂ ಮನೆ ಸೇರಿ ಒಂದೇ ಕನೆಕ್ಷನ್ ತೆಗೆದುಕೊಂಡು, ಮೋಡೆಮ್ಮನ್ನೂ ಅದರಿಂದ ಮನೆಮನೆಗೆ ವೈರು ಹಂಚುವ ಡಬ್ಬಿಯನ್ನೂ ನಮ್ಮ ಹಾಲಿನಲ್ಲಿಟ್ಟೆವು. ಪಕ್ಕದಲ್ಲೇ ದೊಡ್ಡದೊಂದು ಯುಪಿಎಸ್. ಕರೆಂಟು ಹೋದರೆ ಮೂರು ಕಂಪ್ಯೂಟರಿಗೂ ಅದರ ಬ್ಯಾಟರಿಯೇ ಗತಿ. ಹದಿನೈದು ನಿಮಿಷ ತಡೆಯುತ್ತದೆ ಎಂದು ಅಂಗಡಿಯವನು ಹೇಳಿದ್ದ.

ತಕ್ಷಣ ಒಂದು ಸುತ್ತೋಲೆ ಟೈಪು ಮಾಡಿ ಮೂರೂ ಬಾಗಿಲಿಗೆ ಅಂಟಿಸಿದೆ. ‘ವಿದ್ಯುತ್ ವ್ಯತ್ಯಯವಾದ ಕೂಡಲೇ ಗಂಟೆ ಬಾರಿಸಲಾಗುವುದು. ಐದು ನಿಮಿಷದೊಳಗೆ ಕೆಳಮನೆಯವರೂ, ಹತ್ತು ನಿಮಿಷದೊಳಗೆ ನಡುಮನೆಯವರೂ ತಂತಮ್ಮ ಕಂಪ್ಯೂಟರನ್ನು ಕ್ರಮಬದ್ಧವಾಗಿ ಮುಚ್ಚತಕ್ಕದ್ದು. ತಪ್ಪಿದಲ್ಲಿ ಮೇಲ್ಮನೆಯಿಂದಲೇ ಸ್ವಿಚ್ ಆಫ್ ಮಾಡಲಾಗುವುದು.’

“ನಮ್ದ್ಯಾಕ್ರೀ ಕೊನೇಲಿ?” ಎಂದಳು ಸರಳಾ.

“ಮದುವೆ ಮನೇಲಿ ಯಜಮಾನ ಕೊನೇಲಿ ಊಟಕ್ಕೆ ಕೂರಲ್ವಾ? ಹಾಗೆ.”

“ನೀವಾ? ಮೊದಲ್ನೇ ಪಂಕ್ತಿ ಯಾವತ್ತು ಬಿಟ್ಟಿದ್ದೀರಿ?”

ಇಂಥ ಟೀಕೆಗಳಿಗೆಲ್ಲ ಆಡಳಿತ ಕಿವಿಗೊಡಬಾರದು. ದೇವರ ಮನೆಯ ಗಂಟೆಯನ್ನು ತಂದು ಯುಪಿಎಸ್ ಮೇಲಿಟ್ಟೆ. ಪೂಜೆಗೆ ಬೇಕಾದಾಗ ಸರಳಾ ಅದನ್ನು ಒಯ್ಯುತ್ತಿದ್ದಳು, ಮತ್ತೆ ತಂದಿಡುತ್ತಿದ್ದಳು.

ಒಂದು ಶನಿವಾರ ಸಂಜೆ ಫಿಲೋಮಿನಾ ಮೇಲೆ ಬಂದರು. ಮುಖ ಬಾಡಿತ್ತು.

“ಸಾರ್, ನಾಳೆ ಹನ್ನೊಂದು ಗಂಟೆಗೆ ನೆಟ್ ಇರತ್ತಲ್ಲಾ?”

ತೂತ್ತುಕುಡಿಯಲ್ಲಿ ಅವರ ತಂಗಿ ಆಗ್ನೆಸ್ ಇದ್ದಳು. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು, ಓದುಬರಹ ಅಷ್ಟಕ್ಕಷ್ಟೇ. ಅಕ್ಕತಂಗಿಯರದು ಚಿಕ್ಕಂದಿನಿಂದ ಕೈಸನ್ನೆಯ ಮಾತು. ಈಗ ಆಗ್ನೆಸ್‌ಗೆ ಒಂದು ಸಂಬಂಧ ಬಂದಿತ್ತು. ಅವಳು ಒಪ್ಪಿದ್ದಾಳೆ, ಭಾನುವಾರ ಸಂಜೆ ಗಂಡಿನವರಿಗೆ ಮಾತು ಕೊಡುತ್ತೇವೆ ಎಂದು ಅಣ್ಣ ಫೋನ್ ಮಾಡಿದ್ದ.

“ಅವಳು ಒಪ್ಪಿದ್ಲಾ, ಇಲ್ಲ ಇವ್ರೇ ಒಪ್ಕೊಂಡ್ರಾ? ಅವಳ ಕೈ ನೋಡಿದ್ರೇನೇ ನಂಗೆ ಗೊತ್ತಾಗೋದು ಸಾರ್. ಅಲ್ಲಿ ಬ್ರೌಸಿಂಗ್ ಸೆಂಟರ್‌ಗೆ ಬರ್ತಾಳೆ, ಕ್ಯಾಮೆರಾ ಇದೆ.”

“ನಾನಿಲ್ವಾ ಮೇಡಂ? ಕರೆಂಟ್ ಹೋದ್ರೂ ನೆಟ್ ಹೋಗಲ್ಲ!” ಎಂದು ಎದೆ ತಟ್ಟಿ ಹೇಳಿದೆ.

ಭಾನುವಾರ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಕರೆಂಟು ಹೋಯಿತು. ಯುಪಿಎಸ್ ಕುಂಯ್‌ಗುಟ್ಟಿತು. ನಾನು ಗಡಿಯಾರ ನೋಡಿಕೊಂಡು ಗಂಟೆ ಬಾರಿಸಿದೆ. ಯಾರೂ ಮಿಸುಕಲಿಲ್ಲ. ಮೂರು ನಿಮಿಷ ಬಿಟ್ಟು ಇನ್ನೂ ಜೋರಾಗಿ ಬಾರಿಸಿದೆ. ಊಹೂಂ! ಸುತ್ತೋಲೆಗೆ ಕವಡೆ ಕಿಮ್ಮತ್ತಿಲ್ಲ!

ಫಿಲೋಮಿನಾರ ತಂಗಿ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾದಳು. ‘ಹೂಂ’ ಅಥವಾ ‘ಊಹೂಂ’ ಅನ್ನಲು ಐದು ನಿಮಿಷ ಸಾಲದೇ ಎಂದುಕೊಂಡೆ. ನಿಯಮ ಎಲ್ಲರಿಗೂ ಒಂದೇ. ಐದನೇ ನಿಮಿಷಕ್ಕೆ ಸರಿಯಾಗಿ ಕೆಳಮನೆಯ ಸ್ವಿಚ್ ಆಫ್ ಮಾಡಿದೆ.

ಕೆಳಗಿನಿಂದ “ಅಯ್ಯೋ!” ಎಂಬ ಕೂಗು ಬಂತು. ಮೆಟ್ಟಿಲಿಳಿದು ಓಡಿದೆ. ನಡುವೆ ರಿಯಾಜ್ ಭಾಯ್ ಬಾಗಿಲಲ್ಲಿ ನಿಂತಿದ್ದರು.

“ಕ್ಯಾ ಹುವಾ ಸಾಬ್? ಘಂಟಿ ಕೇಳಿಸ್ತು, ನಿಮ್ದು ಪೂಜಾ ಅಂದ್ಕೊಂಡೆ. ದಿನಾ ಬಾರಿಸ್ತೀರಲ್ಲಾ!”

ಕೆಳಗೆ ಫಿಲೋಮಿನಾ ಕಪ್ಪು ಪರದೆಯ ಮುಂದೆ ಕೂತಿದ್ದರು. ಎರಡು ಕೈಗಳೂ ಇನ್ನೂ ಗಾಳಿಯಲ್ಲೇ ಇದ್ದವು.

“ಏನೋ ಹೇಳೋಕೆ ಕೈ ಎತ್ತಿದ್ಲು ಸಾರ್...”

ಮೇಲೆ ಓಡಿ ಸ್ವಿಚ್ ಹಾಕಿ, ಮತ್ತೆ ಕೆಳಗೆ ಓಡಿ ಬಂದೆ. ಕಂಪ್ಯೂಟರು ಎದ್ದಿತು. ಎದ್ದದ್ದೇ, ತನ್ನನ್ನು ಸರಿಯಾದ ಕ್ರಮದಲ್ಲಿ ಮುಚ್ಚಿಲ್ಲವೆಂದೂ ಆದ ಕಾರಣ ತಪಾಸಣೆ ನಡೆಯುತ್ತಿದೆಯೆಂದೂ ನೋಟಿಸು ಕೊಟ್ಟಿತು. ಕ್ರಮದ ಬಗ್ಗೆ ನನಗೇ ನೋಟಿಸು! ತಪಾಸಣೆ ಅರ್ಧಕ್ಕೆ ಬರುವಷ್ಟರಲ್ಲಿ ಮೇಲೆ ಯುಪಿಎಸ್ ಉದ್ದಕ್ಕೆ ಒಮ್ಮೆ ಕಿರುಚಿ ಸುಮ್ಮನಾಯಿತು.

ಕರೆಂಟು ಬಂದದ್ದು ಮೂರು ಗಂಟೆಗೆ. ಅಷ್ಟರಲ್ಲಿ ಆಗ್ನೆಸ್ ಮನೆಗೆ ಹೋಗಿದ್ದಳು. ತಾನು ಬರುವವರೆಗೆ ಮಾತು ಕೊಡಬೇಡ ಎಂದು ಅಣ್ಣನಿಗೆ ಫೋನಿನಲ್ಲಿ ಗೋಗರೆದು, ಫಿಲೋಮಿನಾ ಅವತ್ತೇ ರೈಲು ಹತ್ತಿದರು.

ಬುಧವಾರ ಹಿಂದಿರುಗಿದವರೇ ಮೇಲೆ ಬಂದರು. ಸರಳಾ ಕಾಫಿ ಕೊಟ್ಟಳು.

“ಬೇಡ ಅಂದ್ಲು ಸಾರ್. ನನ್ನ ನೋಡಿದ ತಕ್ಷಣ ಅದನ್ನೇ ಅಂದ್ಲು. ಮದುವೆ ಮಾತು ನಿಲ್ಸಿ ಬಂದೆ.”

ನನಗೆ ಹೋದ ಜೀವ ಬಂದಂತಾಯಿತು. ಅಲ್ಲಿಗೇ ಬಾಯಿ ಮುಚ್ಚಿಕೊಂಡಿರಬೇಕಿತ್ತು.

“ನೋಡಿದ್ರಾ! ನೆಟ್ ಕೈಕೊಟ್ಟಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ನೀವು ಹೋಗ್ತಾನೇ ಇರ್ಲಿಲ್ಲ.”

“ಅವತ್ತೂ ಅದನ್ನೇ ಹೇಳೋಕೆ ಕೈ ಎತ್ತಿದ್ಲಂತೆ ಸಾರ್. ಅಷ್ಟ್ರಲ್ಲಿ ನಾನು ಕಾಣಿಸ್ಲಿಲ್ಲ. ಅಕ್ಕಾನೂ ನನ್ ಮಾತು ಬೇಡ ಅಂತ ಎದ್ದು ಹೋದ್ಲು ಅಂದ್ಕೊಂಡು, ಇಡೀ ದಿನ ಊಟ ಬಿಟ್ಟು ಅತ್ತಿದಾಳೆ.”

“ತಪ್ಪಾಯ್ತು ಮೇಡಂ” ಎಂದೆ. ಸುತ್ತೋಲೆಯ ಭಾಷೆಯಲ್ಲಿ ಅದನ್ನು ಹೇಗೆ ಹೇಳುತ್ತಾರೋ ನನಗೆ ಗೊತ್ತಿರಲಿಲ್ಲ.

“ಪರ್ವಾಗಿಲ್ಲ ಬಿಡಿ. ನಂದು ಆಫ್ ಆದ್ಮೇಲೂ ನಿಮ್ದು ಆನ್ ಇತ್ತಲ್ಲಾ ಸಾರ್, ಏನಾದ್ರೂ ಅರ್ಜೆಂಟ್ ಕೆಲಸ ಇತ್ತಾ?”

ಸರಳಾ ಉತ್ತರ ಕೊಟ್ಟಳು.

“ಕ್ರಿಕೆಟ್ ಸ್ಕೋರ್ ನೋಡ್ತಾ ಇದ್ರು.”

“ಓ. ಗೆದ್ವಾ ಸಾರ್?” ಎಂದು ಫಿಲೋಮಿನಾ ಕೇಳಿದರು. ಆ ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಇಲ್ಲ ಮೇಡಂ,” ಎಂದೆ. “ಮಳೆ ಬಂದು ಆಟ ನಿಂತಿತ್ತು. ಮತ್ತೆ ಶುರುವಾಗತ್ತೇನೋ ಅಂತ ಕಾಯ್ತಾ ಇದ್ದೆ.”