ಮೂವರು ಮುದಿ ಕಾವಲುಗಾರ್ತಿಯರು

ಎಲ್ಲ ಶುರುವಾದದ್ದು ಡ್ರ್ಯಾಗನ್ ಒಂದು ಕೋಳಿಯ ಹಾಗೆ ಕಂಡದ್ದರಿಂದ.

ಕಳೆದ ಶನಿವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ವರ್ಲಿನ್ ಹಾಗ್‌ಸ್ಟಾಡ್ ತಾನೇ ಪೆನ್ಸಿಲಿನಲ್ಲಿ ಬರೆದ ನಕ್ಷೆಯನ್ನು ಮೇಜಿನ ಮೇಲೆ ಹರಡಿದ. ದೀಪ ಸಣ್ಣಗೆ ಮಾಡಿ, ದನಿ ತಗ್ಗಿಸಿ, ತಾನು ಬರೆದ ಡ್ರ್ಯಾಗನ್ ಮೇಲೆ ಬೆರಳಿಟ್ಟು, "ಈಗ ನಿಮ್ಮೆದುರಿಗೆ ಏನು ನಿಂತಿದೆ ಗೊತ್ತಾ?" ಎಂದ.

ಕಿಪ್ ಬಗ್ಗಿ ನೋಡಿದ. "ಗೊತ್ತು, ಕೋಳಿ. ನನ್ನ ಯೋಧ ಜೇಬಿಂದ ಜೋಳ ತೆಗೆದು ಎರಚ್ತಾನೆ. ಬಾ ಬಾ ಬಾ!"

ಮಾರ್ಜೀನ್‌ಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ಯಾವುದಕ್ಕೂ ನಗದ ಡ್ವೇನ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಲ್ಲಿಗೆ ಮೇಜಿನ ಮೇಲಿದ್ದ ಭಯವೆಲ್ಲ ಎದ್ದು ಹೊರಟುಹೋಯಿತು. ಭಯವಿಲ್ಲದ ಮೇಲೆ ಆ ಆಟದಲ್ಲಿ ಉಳಿಯುವುದು ದಾಳ ಮತ್ತು ಕಾಫಿ ಮಾತ್ರ.

ಒಬ್ಬೊಬ್ಬರು ಒಬ್ಬೊಬ್ಬ ವೀರನಾಗಿ, ದಾಳ ಉರುಳಿಸುತ್ತ, ಇಲ್ಲದ ಗುಹೆಗಳಲ್ಲಿ ಅಲೆಯುವ ಆಟ ಅದು. ಗುಹೆ ಕಟ್ಟುವವನು, ಅದರೊಳಗೆ ರಾಕ್ಷಸರನ್ನು ಬಿಡುವವನು, ಯಾರು ಸತ್ತರು ಯಾರು ಉಳಿದರು ಎಂದು ತೀರ್ಪು ಹೇಳುವವನು ಒಬ್ಬನೇ, ಆಟದ ಯಜಮಾನ. ಯಜಮಾನ ಯಾರೆಂದು ಒಮ್ಮೆ ದೊಡ್ಡ ಜಗಳವಾದಾಗ ಡ್ವೇನ್ ಒಂದು ಕಟ್ಟಳೆ ಮಾಡಿದ್ದ: ಅಂದಿನ ನಕ್ಷೆಯನ್ನು ಮೇಜಿನ ಮೇಲೆ ಯಾರು ಇಡುತ್ತಾರೋ ಆ ಸಂಜೆ ತಲೆಗಡೆಯ ಕುರ್ಚಿ ಅವರದು. ಅಂದಿನಿಂದ ನಕ್ಷೆ ಇಡುತ್ತ ಬಂದವನು ವರ್ಲಿನ್.

ವರ್ಲಿನ್ ಶಾಲಾ ಬಸ್ಸು ಓಡಿಸುತ್ತಿದ್ದ. ಹಿಂದಿನ ಸೀಟಿನ ಮಕ್ಕಳಿಗೆ ಹೆದರುತ್ತಿದ್ದ, ರಸ್ತೆಯ ಹಿಮಕ್ಕೆ ಹೆದರುತ್ತಿದ್ದ, ಫೋನು ಬಡಿದುಕೊಂಡರೆ ಫೋನಿಗೆ, ಬಡಿದುಕೊಳ್ಳದಿದ್ದರೆ ಅದು ಯಾಕೆ ಸುಮ್ಮನಿದೆ ಎಂದು ಹೆದರುತ್ತಿದ್ದ. ವಾರಕ್ಕೊಮ್ಮೆ ಆ ಕುರ್ಚಿಯಲ್ಲಿ ಕೂತಾಗ ಮಾತ್ರ ಲೆಕ್ಕ ತಿರುಗುಮುರುಗಾಗುತ್ತಿತ್ತು. ಅಲ್ಲಿ ಅವನು ಹೆದರಿಸುವವನು, ಬೇರೆಯವರು ಹೆದರುವವರು. ಇಡೀ ವಾರ ಅವನು ಉಸಿರಾಡುತ್ತಿದ್ದುದೇ ಆ ಒಂದು ಸಂಜೆಯ ಭರವಸೆಯ ಮೇಲೆ.

"ಮುಂದಿನ ವಾರದ ನಕ್ಷೆ ನಾನೇ ಕಂಪ್ಯೂಟರಲ್ಲಿ ಮಾಡ್ಕೊಂಡು ಬರ್ತೀನಿ ಬಿಡು ವರ್ಲಿನ್," ಎಂದ ಕಿಪ್, ದನದ ಸಂತೆಯಲ್ಲಿ ಹೋರಿ ನೋಡುವವನಂತೆ ಆ ಕುರ್ಚಿಯನ್ನು ನೋಡುತ್ತ. "ನಿಂಗ್ಯಾಕೆ ಸುಮ್ನೆ ತೊಂದರೆ."

"ಬೇಡ ಬೇಡ! ನಾನೇ ಒಂದು ಒಳ್ಳೇ ಸಾಫ್ಟ್‌ವೇರ್ ಆರಿಸ್ಕೋತೀನಿ," ಎಂದ ವರ್ಲಿನ್ ಗಾಬರಿಯಲ್ಲಿ.

"ಯಾವುದು?" ಎಂದು ಮೂವರೂ ಒಟ್ಟಿಗೆ ಕೇಳಿದರು. ಉತ್ತರವನ್ನೂ ಅವರೇ ಕೊಟ್ಟರು, ಒಬ್ಬೊಬ್ಬರು ಒಂದೊಂದು. ನಿವೃತ್ತ ಸರ್ವೇಯರ್ ಡ್ವೇನ್ ಹೇಳಿದ್ದು ಅಂಗುಲ ಅಂಗುಲ ಲೆಕ್ಕ ಹಾಕಿ ಗೋಡೆ ಎಳೆಯುವಂಥದ್ದು. ಹಲ್ಲಿನ ಡಾಕ್ಟರ ಕೌಂಟರಿನಲ್ಲಿ ಕೂರುವ ಮಾರ್ಜೀನ್ ಹೇಳಿದ್ದು ಪಂಜಿನ ಬೆಳಕು, ನೆರಳು ಎಲ್ಲ ಬೀಳುವಂಥದ್ದು. ಕಿಪ್ ಹೇಳಿದ್ದು ಒಂದು ಗುಂಡಿ ಒತ್ತಿದರೆ ಇಡೀ ಗುಹೆಯನ್ನು ತಾನೇ ಹೆತ್ತು ಕೊಡುವಂಥದ್ದು. ಮುಖದೆದುರು ಯಾರಿಗೂ ಇಲ್ಲ ಎನ್ನಲಾರದ ವರ್ಲಿನ್ ಮೂವರಿಗೂ ಬೇರೆ ಬೇರೆಯಾಗಿ ಕೈ ಕುಲುಕಿ, "ಒಳ್ಳೇದು, ನೀನು ಹೇಳಿದ್ದನ್ನೇ ತಗೋತೀನಿ," ಎಂದು ಮಾತು ಕೊಟ್ಟು ಮನೆಗೆ ಬಂದ.

ವಾರವಿಡೀ ಅದನ್ನೇ ಯೋಚಿಸಿ ಹೆದರಿ, ಕೆಲಸವನ್ನು ಶನಿವಾರ ಬೆಳಗಿನವರೆಗೂ ತಳ್ಳಿದ.

ಬೆಳಿಗ್ಗೆ ಮೊದಲು ಡ್ವೇನನದು. ಒಂದು ಬಾಗಿಲು ಇಡಬೇಕಾದರೆ ಅದು ಎಷ್ಟು ಪ್ರಶ್ನೆ ಕೇಳಿತೆಂದರೆ, ವರ್ಲಿನ್‌ಗೆ ಪಾಸ್‌ಪೋರ್ಟ್ ಕಚೇರಿಯಲ್ಲಿ ನಿಂತ ಹಾಗಾಯಿತು. ಕೊನೆಗೆ ಬಾಗಿಲೇನೋ ಬಂತು, ಆದರೆ ಗೋಡೆಗಿಂತ ದೊಡ್ಡದಾಗಿ, ಗೋಡೆಯಿಂದ ಬಲು ದೂರದಲ್ಲಿ, ಆಕಾಶದಲ್ಲಿ ನಿಂತಿತ್ತು. ಆಮೇಲೆ ಮಾರ್ಜೀನಳದು. ಅದರಲ್ಲಿ ನೆರಳು ಚೆನ್ನಾಗಿಯೇ ಬಿತ್ತು. ಎಲ್ಲ ಕಡೆಯೂ ಬಿತ್ತು. ಕಗ್ಗತ್ತಲ ಪರದೆಯ ಮೇಲೆ ತಡಕಾಡಿ ಅವನು ಹಚ್ಚಿದ ಒಂದೇ ಪಂಜು ಒಂದೇ ಒಂದು ಬಕೀಟನ್ನು ಬೆಳಗಿತು. ಕಿಪ್‌ನ ಗುಂಡಿಯನ್ನು ಕಣ್ಣು ಮುಚ್ಚಿ ಒತ್ತಿದ. ಗುಹೆ ಹುಟ್ಟಿತು. ಅದರ ತುಂಬ ಪಾಯಿಖಾನೆಗಳೇ ಇದ್ದವು, ಯಾವುದಕ್ಕೂ ಬಾಗಿಲಿರಲಿಲ್ಲ.

ಮಧ್ಯಾಹ್ನವಾಗುತ್ತ ಬಂತು. ಬೆವರುವ ಕೈಯಲ್ಲಿ ಅವನು ನಾಲ್ಕನೆಯದೊಂದನ್ನು ಹುಡುಕಿದ. ಅದು ಸಾಧು ಪ್ರಾಣಿ. ಯಾವುದಾದರೂ ಚಿತ್ರವನ್ನು ಕೆಳಗಿಟ್ಟರೆ ಅದರ ಮೇಲೇ ಗೆರೆ ತೀಡಿಕೊಂಡು ಹೋಗಬಹುದು. ಆದರೆ ಯಾವ ಚಿತ್ರ? ಅವನ ಫೋನಿನಲ್ಲಿ ಮೊದಲು ಸಿಕ್ಕಿದ್ದು: ಬೆಂಕಿ ಬಿದ್ದರೆ ಯಾವ ದಾರಿಯಲ್ಲಿ ಓಡಬೇಕೆಂದು ಚರ್ಚಿನ ನೆಲಮಾಳಿಗೆಯ ಗೋಡೆಗೆ ಅಂಟಿಸಿದ್ದ ನಕ್ಷೆ. ಹೋದಲ್ಲೆಲ್ಲ ವರ್ಲಿನ್ ತೆಗೆದುಕೊಳ್ಳುವ ಫೋಟೋ ಅಂಥದ್ದು ಮಾತ್ರ.

ಅದನ್ನೇ ಕೆಳಗಿಟ್ಟು ತೀಡಿದ. ಬಾಯ್ಲರ್ ಕೋಣೆಯಲ್ಲಿ 'ಬೆಂಕಿಹಾವು ಇಲ್ಲಿರುತ್ತದೆ' ಎಂದು ಬರೆದ. ಬೀರುವಿನ ಜಾಗದಲ್ಲಿ 'ಬೆಳ್ಳಿ ಬಟ್ಟಲುಗಳು, ಬೀಗ ಹಳೆಯದು' ಎಂದು ಬರೆದ. ಅಡುಗೆಮನೆಗೆ ಬಂದಾಗ ಹುರುಪು ಹೆಚ್ಚಿ, 'ಮೂವರು ಮುದಿ ಕಾವಲುಗಾರ್ತಿಯರು ಇಲ್ಲಿ ನಿದ್ದೆ ಮಾಡುತ್ತಿರುತ್ತಾರೆ. ಏಳುವ ಮೊದಲೇ ಮುಗಿಸಬೇಕು' ಎಂದು ಬರೆದ. ಎಷ್ಟು ಚೆನ್ನಾಗಿ ಬಂತೆಂದರೆ, ಓದಿಕೊಂಡು ಅವನಿಗೇ ಮೈ ಜುಂ ಎಂದಿತು.

ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಲು ಲೈಬ್ರರಿಗೆ ಹೋದ. ಗುಂಡಿ ಒತ್ತಿ, ಯಂತ್ರ ಗೊರಗೊರ ಎನ್ನುತ್ತಿರುವಾಗ ಬಾಗಿಲು ತೆರೆಯಿತು. ಬಂದವನು ಡ್ವೇನ್! ತಾನು ಹೇಳಿದ ಸಾಫ್ಟ್‌ವೇರ್ ಅಲ್ಲವೆಂದು ಅವನಿಗೆ ಒಂದೇ ನೋಟಕ್ಕೆ ಗೊತ್ತಾಗಿಬಿಡುತ್ತದೆ. ವರ್ಲಿನ್ ಅಡುಗೆ ಪುಸ್ತಕಗಳ ಕಪಾಟಿನ ಹಿಂದೆ ಅವಿತ. ಡ್ವೇನ್ ನಿಧಾನಸ್ಥ. ಪೇಪರು ಓದಿದ, ಹವಾಮಾನದ ಬಗ್ಗೆ ಮಾತಾಡಿದ, ಮತ್ತೆ ಪೇಪರು ಓದಿದ. ಅವನು ಹೋದ ಮೇಲೆ ವರ್ಲಿನ್ ಹೊರಬಂದು ನೋಡಿದರೆ ಯಂತ್ರದ ತಟ್ಟೆ ಬರಿದು.

"ಆರ್ಡಿಸ್ ಟಾಲೆಫ್ಸನ್ ಈಗಷ್ಟೇ ಚರ್ಚಿನ ಊಟದ ಪೋಸ್ಟರು ತಗೊಂಡು ಹೋದ್ರು," ಎಂದಳು ಲೈಬ್ರರಿಯಾಕೆ. "ನಿಮ್ಮದೂ ಅದ್ರಲ್ಲೇ ಸೇರ್ಕೊಂಡು ಹೋಯ್ತೇನೋ."

ಚರ್ಚಿನ ಅಡುಗೆಮನೆಯನ್ನು ಇಪ್ಪತ್ತು ವರ್ಷದಿಂದ ಆಳುತ್ತಿದ್ದವರು ಮೂರೇ ಜನ: ಆರ್ಡಿಸ್, ಅವಳ ನಾದಿನಿ ಲೋಯಿಸ್, ಪಕ್ಕದ ಮನೆಯ ಬರ್ನೀಸ್. ಮೂವರೂ ಎಪ್ಪತ್ತು ದಾಟಿದವರು. ಬರೆಯುವಾಗ ಇದು ಅವನಿಗೆ ಹೊಳೆದಿರಲಿಲ್ಲ. ಅಥವಾ, ದೇವರಿಗೇ ಗೊತ್ತು, ಹೊಳೆದಿತ್ತೋ ಏನೋ.

ಹಿಮದಲ್ಲಿ ಜಾರುತ್ತ ಆರ್ಡಿಸಳ ಮನೆಗೆ ಓಡಿದ. ಬಾಗಿಲು ತಟ್ಟಿದ. ಪರದೆ ಒಂದು ಬೆರಳಷ್ಟು ಸರಿದು ಮತ್ತೆ ಮುಚ್ಚಿತು.

"ಯಾರದು?"

"ನಾನು ಆರ್ಡಿಸ್ ಅವ್ರೆ, ವರ್ಲಿನ್. ನನ್ನದೊಂದು ನಕ್ಷೆ ನಿಮ್ಮ ಹತ್ರ..."

"ಇದೆ. ಓದ್ದೆ. ಕನ್ನಡಕ ಹಾಕ್ಕೊಂಡು ಇನ್ನೊಂದು ಸಲ ಓದ್ದೆ."

"ಅದು ಬರೀ ಆಟ ಕಣ್ರೀ!"

"ಮುದುಕೀರನ್ನ ಮುಗಿಸೋದು ನಿಂಗೆ ಆಟಾನೇನಪ್ಪ? ಯಾರ ಕೈ ಕಾಫಿ ಕುಡ್ಕೊಂಡು ಬೆಳೆದೆ ನೀನು?"

"ಅಯ್ಯೋ, ಅವರು ನೀವಲ್ಲ! ಅವರು ಸುಮ್ನೆ ನಿದ್ದೆ ಮಾಡ್ತಿರ್ತಾರೆ, ಅವರಿಗೆ ಏನೂ ಗೊತ್ತೇ ಆಗಲ್ಲ. ಒಂದು ಚೂರೂ ನೋವಾಗಲ್ಲ!"

ಒಳಗಿನಿಂದ ಎರಡನೆಯ ಚಿಲಕ ಬಿದ್ದ ಸದ್ದು ಕೇಳಿತು. ಅದರ ಹಿಂದೆಯೇ, ಆರ್ಡಿಸ್ ಫೋನಿನಲ್ಲಿ ಯಾರಿಗೋ, "ಬಾಗಿಲಲ್ಲೇ ನಿಂತಿದ್ದಾನೆ ಕಣೆ," ಎನ್ನುವುದೂ ಕೇಳಿತು.

ಊರು ಸಣ್ಣದು, ಫೋನು ಎಲ್ಲರ ಮನೆಯಲ್ಲೂ ಇತ್ತು. ಅವನು ಪೆಟ್ರೋಲ್ ಬಂಕಿನ ಅಂಗಡಿ ಹೊಕ್ಕರೆ ಚೀಸ್ ಕೊಳ್ಳುತ್ತಿದ್ದವರು ಚೀಸ್ ಕೆಳಗಿಟ್ಟು ದಾರಿ ಬಿಟ್ಟರು. ಹೊರಗೆ ಬಂದು ನಡೆದರೆ ಬೆನ್ನ ಹಿಂದೆ ಒಂದು ಕಾರು ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬಂತು. ತಿರುಗಿ ನೋಡುವ ಧೈರ್ಯ ಸಾಲದೆ ಕಿಟಕಿ ಗಾಜೊಂದರಲ್ಲಿ ನೋಡಿದ. ಪೊಲೀಸ್ ಕಾರು. ಒಳಗೆ ಡೆಪ್ಯುಟಿ ಗಾನ್ಸ್ಕಿ.

"ಚಳಿ ಜಾಸ್ತಿ ಇದೆ ವರ್ಲಿನ್," ಎಂದ ಗಾನ್ಸ್ಕಿ ಗಾಜಿಳಿಸಿ. "ಹತ್ತು, ಬಿಡ್ತೀನಿ."

"ಬೇಡ ಬೇಡ, ನಡ್ಕೊಂಡೇ ಹೋಗ್ತೀನಿ."

"ಬಾರಯ್ಯ."

"ನಿಮಗ್ಯಾಕೆ ತೊಂದರೆ."

"ತೊಂದರೆ ಏನು ಬಂತು, ಬಾ."

ಇನ್ನೇನು ಮಾಡುವುದು? ಆ ಕಡೆ ಊರುಗಳಲ್ಲಿ ಯಾರೇ ಏನೇ ಕೊಟ್ಟರೂ ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ಒಪ್ಪಿಕೊಳ್ಳಬೇಕು. ಮೂರನೆಯ ಸಲವೂ ಬೇಡ ಎಂದವನನ್ನು ಊರು ಮರೆಯುವುದಿಲ್ಲ. ಪೊಲೀಸ್ ಕಾರಾದರೂ ಮರ್ಯಾದೆ ಮರ್ಯಾದೆಯೇ. ಮುಂದಿನ ಸೀಟಿನಲ್ಲಿ ಮೀನಿನ ಗಾಳದ ಸಾಮಾನು ಇದ್ದದ್ದರಿಂದ ವರ್ಲಿನ್ ಹಿಂದೆ, ಕೈದಿಗಳನ್ನು ಕೂರಿಸುವ ಜಾಲರಿಯ ಆಚೆ ಕೂತ. ಇಡೀ ಬೀದಿ ಕಿಟಕಿಗಳಲ್ಲಿ ನಿಂತು ನೋಡಿತು.

"ಈ ಬೆಂಕಿಹಾವು ಅನ್ನೋನು ನಮ್ಮ ಕೌಂಟಿಯವನೇನಾ?" ಕನ್ನಡಿಯಲ್ಲಿ ಅವನನ್ನೇ ನೋಡುತ್ತ ಗಾನ್ಸ್ಕಿ ಕೇಳಿದ.

"ಅಲ್ಲ... ಅದು ಬಾಯ್ಲರ್ ಕೋಣೇಲಿ ಇರುತ್ತೆ."

"ಒಬ್ನೇನಾ?"

"ಹೆಂಡ್ತಿ ಇದಾಳೆ. ಅವಳು ಬೇಸಿಗೇಲಿ ಬರ್ತಾಳೆ."

"ಆಯುಧ ಏನಾದ್ರೂ?"

"ಉಸಿರು," ಎಂದ ವರ್ಲಿನ್, ಸುಳ್ಳು ಹೇಳಲು ಬಾರದವನು.

ಕಾರು ನೇರವಾಗಿ ಚರ್ಚಿನ ಮುಂದೆ ನಿಂತಿತು.

ಕತ್ತಲಾಗತೊಡಗಿತ್ತು. ನೆಲಮಾಳಿಗೆಯಲ್ಲಿ ಡ್ವೇನ್, ಮಾರ್ಜೀನ್, ಕಿಪ್ ದಾಳ ಹಿಡಿದು ಕಾಯುತ್ತಿದ್ದರು. ಕಿಪ್‌ನ ಕಂಕುಳಲ್ಲಿ ಲ್ಯಾಪ್‌ಟಾಪ್ ಸಿದ್ಧವಾಗಿತ್ತು. ವರ್ಲಿನ್ ಬರಿಗೈಯಲ್ಲಿ, ಪೊಲೀಸಿನವನ ಮುಂದೆ ಮುಂದೆ, ಮೆಟ್ಟಿಲಿಳಿದು ಬಂದುದನ್ನು ನೋಡಿ ಕಿಪ್ ಲ್ಯಾಪ್‌ಟಾಪನ್ನು ಅರ್ಧ ತೆರೆದ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಆರ್ಡಿಸ್ ಬಂದಳು. ಅವಳ ಹಿಂದೆ ಸೌಟು ಹಿಡಿದು ಲೋಯಿಸ್, ಹಾಟ್‌ಡಿಶ್ ಎಂದು ಅವರು ಕರೆಯುವ ಮಾಂಸ-ಆಲೂಗಡ್ಡೆ ಅಡುಗೆಯ ಬಿಸಿ ಪಾತ್ರೆಯನ್ನು ಗುರಾಣಿಯಂತೆ ಹಿಡಿದು ಬರ್ನೀಸ್. ಆರ್ಡಿಸ್ ನೇರ ಮೇಜಿಗೆ ಬಂದು ನಕ್ಷೆಯನ್ನು ರಪ್ಪನೆ ಹಾಸಿದಳು.

"ಎಲ್ಲರ ಮುಂದೆ ಹೇಳು. ಇದೇನು?"

ವರ್ಲಿನ್ ತೊದಲಿದ, ಬೆವರಿದ, ಕೋಳಿಯ ಕತೆಯಿಂದ ಹಿಡಿದು ಬಾಗಿಲಿಲ್ಲದ ಪಾಯಿಖಾನೆಗಳವರೆಗೆ ಎಲ್ಲ ಹೇಳಿದ. ಡ್ವೇನ್ ಸಾಕ್ಷಿ ಹೇಳಿದ. ಮಾರ್ಜೀನ್ ದಾಳ ತೋರಿಸಿದಳು. ಗಾನ್ಸ್ಕಿ ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕು, ಬರ್ನೀಸಳ ಪಾತ್ರೆಯಿಂದ ಒಂದು ತಟ್ಟೆ ತುಂಬಿಸಿಕೊಂಡು ಹೊರಟುಹೋದ.

ವರ್ಲಿನ್‌ಗೆ ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರು ಬಂತು. ಜೈಲಿಲ್ಲ. ನಕ್ಷೆ ಸಿಕ್ಕಿತು. ಕುರ್ಚಿ ಅಲ್ಲೇ ಇದೆ. ಅತ್ತ ಒಂದು ಹೆಜ್ಜೆ ಇಟ್ಟ.

"ಇದ್ರಲ್ಲಿ ನನ್ನ ಸಾಫ್ಟ್‌ವೇರಿನ ಗೋಡೆ ಇಲ್ವಲ್ಲ," ಎಂದ ಡ್ವೇನ್, ನಕ್ಷೆಯ ಮೇಲೆ ಬಗ್ಗಿ.

"ನೆರಳೂ ಇಲ್ಲ," ಎಂದಳು ಮಾರ್ಜೀನ್.

"ನಂಗೂ ಮಾತು ಕೊಟ್ಟಿದ್ದ," ಎಂದ ಕಿಪ್.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮೂವರೂ ವರ್ಲಿನ್‌ನ ಮುಖ ನೋಡಿದರು.

"ಅದಿರ್ಲಿ, ಇದು ತಪ್ಪು ಕಣ್ರಪ್ಪ," ಆರ್ಡಿಸ್ ಹೆಣಿಗೆ ಕಡ್ಡಿಯಿಂದ ನಕ್ಷೆ ತಿವಿದಳು. "ಉಗ್ರಾಣದ ಬಾಗಿಲು ಈ ಕಡೆ ಬರ್ಬೇಕು. ಮೆಟ್ಟಿಲ ಕೆಳಗೆ ತೆವಳ್ಕೊಂಡು ಹೋಗೋ ಸಂದಿ ಇದೆ, ಅದೆಲ್ಲಿ? ಅದ್ರೊಳಗೆ ಏನಿದೆ ಅಂತ ನಮ್ಮ ಮೂವರಿಗೆ ಬಿಟ್ರೆ ಪಾದ್ರಿಗೂ ಗೊತ್ತಿಲ್ಲ."

ಮೇಜಿನ ಸುತ್ತ ಇದ್ದವರೆಲ್ಲ ಮುಂದಕ್ಕೆ ಬಾಗಿದರು. "ಏನಿದೆ?" ಎಂದು ಮಾರ್ಜೀನ್ ಪಿಸುಗುಟ್ಟಿದಳು. ಅವಳ ಕೈಯ ರೋಮ ನಿಂತಿತ್ತು.

ಡ್ವೇನ್ ಗಂಟಲು ಸರಿಮಾಡಿಕೊಂಡ. "ಕಟ್ಟಳೆ ಕಟ್ಟಳೇನೆ. ಇವತ್ತು ನಕ್ಷೆ ಮೇಜಿನ ಮೇಲೆ ಇಟ್ಟಿದ್ದು ಆರ್ಡಿಸ್."

"ಅಯ್ಯೋ, ನಂಗೇನು ಗೊತ್ತಪ್ಪ ಇದೆಲ್ಲ!" ಎಂದಳು ಆರ್ಡಿಸ್.

ವರ್ಲಿನ್‌ನ ಎದೆ ಹಗುರವಾಯಿತು. ಹಗುರವಾದ ಎದೆಯಲ್ಲಿ ಒಳ್ಳೆಯತನ ಉಕ್ಕಿತು. "ಕೂತ್ಕೊಳಿ ಆರ್ಡಿಸ್ ಅವ್ರೆ," ಎಂದ, ಕುರ್ಚಿ ತೋರಿಸಿ.

"ಬೇಡಪ್ಪ, ಅದು ನಿನ್ನ ಜಾಗ."

"ಪರವಾಗಿಲ್ಲ, ಕೂತ್ಕೊಳಿ."

"ಛೆ ಛೆ, ಕಾಫಿಗೆ ಇಟ್ಟಿದೀನಿ."

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಹುಟ್ಟಿನಿಂದ ಅಭ್ಯಾಸವಾದ ಬಾಯಿ. ಅದು ಅವನನ್ನು ಕೇಳಲೇ ಇಲ್ಲ, ತಾನಾಗಿಯೇ ತೆರೆದುಕೊಂಡಿತು. "ಕಾಫಿ ಎಲ್ಲಿಗೆ ಹೋಗುತ್ತೆ, ಕೂತ್ಕೊಳಿ."

"ಹಂಗಾದ್ರೆ ಸರಿ," ಎಂದು ಆರ್ಡಿಸ್ ಕೂತಳು. ಲೋಯಿಸ್, ಬರ್ನೀಸ್ ಕಾಫಿ ನೋಡಲು ಅಡುಗೆಮನೆಗೆ ಹೋದರು.

ಕುರ್ಚಿ ಅವಳಿಗೇ ಅಳತೆ ತೆಗೆದು ಮಾಡಿಸಿದ ಹಾಗಿತ್ತು. ಕಿಪ್ ಲ್ಯಾಪ್‌ಟಾಪ್ ಮುಚ್ಚಿ, ತುದಿಯ ಮಡಿಚುವ ಕುರ್ಚಿಯೊಂದನ್ನು ವರ್ಲಿನ್‌ನ ಕಡೆ ಕಾಲಿನಿಂದ ತಳ್ಳಿದ. "ತಗೋ, ನೀನು ಒಬ್ಬ ಕಳ್ಳ ಆಗು. ಹೊಸಬರು ಮುಂದೆ ನಡೀಬೇಕು."

"ಮುಂದಿನ ವಾರಕ್ಕೆ ಯಾವ ಸಾಫ್ಟ್‌ವೇರು?" ಎಂದು ಡ್ವೇನ್ ವಿನಯದಿಂದ ಕೇಳಿದ.

"ಅದೆಲ್ಲ ಯಾಕೆ. ಕಸೂತಿ ಹಾಕೋ ಚೌಕಳಿ ಬಟ್ಟೆ ಇದೆ ನನ್ನ ಹತ್ರ," ಎಂದಳು ಆರ್ಡಿಸ್. ದೀಪವನ್ನು ತಾನೇ ಸಣ್ಣಗೆ ಮಾಡಿದಳು. ದನಿಯನ್ನೂ. "ಈಗ ಅಡುಗೆಮನೆ ಬಾಗಿಲ ಮುಂದೆ ಇದೀರ. ಒಳಗಿಂದ ಕಾಫಿ ವಾಸನೆ ಬರ್ತಿದೆ. ವರ್ಲಿನ್, ನಿನ್ನ ಕಳ್ಳ ಏನು ಮಾಡ್ತಾನೆ?"

"ಮೆಲ್ಲಗೆ ಒಳಗೆ ಹೋಗ್ತಾನೆ," ಎಂದ ವರ್ಲಿನ್. "ಕಾವಲುಗಾರ್ತಿಯರು ನಿದ್ದೆ ಮಾಡ್ತಿದಾರೆ. ನಂಗೊತ್ತು."

ಆರ್ಡಿಸ್ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. ಅವನ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು ಕಿರ್ರೆಂದಿತು. ಲೋಯಿಸಳೂ ಬರ್ನೀಸಳೂ ಬಂದು ನಿಂತದ್ದು ಅವನಿಗೆ ನೋಡದೆಯೇ ಗೊತ್ತಾಯಿತು.

"ಹಂಗಂತ ನಿಂಗೆ ಯಾರು ಹೇಳಿದ್ರಪ್ಪ?" ಎಂದಳು ಆರ್ಡಿಸ್. "ಇಪ್ಪತ್ತು ವರ್ಷದಿಂದ ಆ ಮೂವರು ಕಣ್ಣೇ ಮುಚ್ಚಿಲ್ಲ. ಉರುಳಿಸು ದಾಳ."