ಉಗಿ ಕುದುರೆಯ ಲಗ್ನಪತ್ರಿಕೆ

ಲಗ್ನಪತ್ರಿಕೆ ಹೊಡೆಯೋ ಪ್ರೆಸ್ಸಿನಲ್ಲಿ ಮಕ್ಕಳ ಪುಸ್ತಕ ಮಾಡೋಕೆ ಹೋದರೆ ಏನೇನಾಗಬೇಕೋ ಎಲ್ಲಾ ಆಗುತ್ತೆ. ಎಂಬತ್ತರ ಆಸುಪಾಸು, ದಾವಣಗೆರೆಯ ಅಂಥದ್ದೊಂದು ಪ್ರೆಸ್ಸಿನಲ್ಲಿ ನಾನು ಚಿತ್ರ ಬರೆಯುತ್ತಿದ್ದೆ. ಗಣಪತಿ, ಕಳಶ, ಓಲಗದವರು, ಮತ್ತೆ ಗಣಪತಿ. ಬೇಜಾರಾಗಿ, ಅಜ್ಜಿ ಹೇಳುತ್ತಿದ್ದ ರಾಜಕುಮಾರಿ ಕತೆಯನ್ನೇ ಚಿತ್ರಕತೆ ಮಾಡಿದೆ. ನನ್ನ ರಾಜಕುಮಾರಿ ರಾಕ್ಷಸನ ಹತ್ತಿ ಮಿಲ್ಲಿನ ಚಿಮಣಿಯಲ್ಲಿ ಸೆರೆ. ಬಿಡಿಸೋಕೆ ಬರುವ ರಾಜಕುಮಾರನದು ಉಗಿಯಿಂದ ಓಡುವ ಕಬ್ಬಿಣದ ಕುದುರೆ.

೧. ಮೇವು

ಪ್ರೆಸ್ ಮಾಲೀಕರು ಹಣೆತುಂಬ ವಿಭೂತಿ ಹಚ್ಚಿದ ಸಾವಕಾಶದ ಮನುಷ್ಯ. ಚಿತ್ರ ನೋಡಿ, ಈ ಕುದುರೆ ಏನು ತಿನ್ನುತ್ತೆ ಅಂದರು. ಕಲ್ಲಿದ್ದಲು ಅಂದೆ.

"ಹುಲ್ಲು ತಿನ್ನೋದು ಅಗ್ಗ ಅಲ್ಲೇನ್ರಿ?"

ಚಿತ್ರದಲ್ಲಿ ಎರಡಕ್ಕೂ ಒಂದೇ ರೇಟು ಅಂದಮೇಲೆ ಒಪ್ಪಿದರು. ಆದರೆ ಒಂದು ಷರತ್ತು. ಹೊಡೆದ ಪ್ರತಿಯೆಲ್ಲ ಖರ್ಚಾದರೆ ಎರಡನೇ ಭಾಗ. ಉಳಿದರೆ ನಾನು ವಾಪಸ್ ಗಣಪತಿಗೆ. ಎರಡನೇ ಭಾಗದಲ್ಲಿ ರಾಜಕುಮಾರಿಯೇ ಕುದುರೆ ಓಡಿಸುತ್ತಾಳೆ. ನನ್ನ ಜೀವವೆಲ್ಲ ಆ ಭಾಗದ ಮೇಲೇ ಇತ್ತು.

೨. ದೃಷ್ಟಿ

ಬಾಯ್ಲರ್ ಹೆಂಗಿರುತ್ತೆ ಅಂತ ನೋಡೋಕೆ ಮಿಲ್ಲಿಗೆ ಹೋದೆ. ಅಲ್ಲಿನ ಮೇಸ್ತ್ರಿ ಸಾಬರು ಮೊದಲು ನನ್ನ ಚಪ್ಪಲಿ ಬಿಡಿಸಿದರು. ಆಮೇಲೆ ಕುದುರೆ ಚಿತ್ರವನ್ನ ಮೂತಿಯಿಂದ ಬಾಲದವರೆಗೆ ನೋಡಿದರು. ಗಾಲಿ, ಕೊಳವೆ ಯಾವುದರ ಬಗ್ಗೆಯೂ ತಕರಾರಿಲ್ಲ.

"ನಿಂಬೆಹಣ್ಣು ಎಲ್ಲಿ ಸಾಹೇಬ್ರ? ಕಟ್ಟದಿದ್ರೆ ಮಷೀನು ಕೈ ಕೊಡ್ತೈತೆ."

ಹಿರಿಯರ ಮಾತು ಯಾಕೆ ಮೀರೋದು ಅಂತ ಕುದುರೆ ಕೊರಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಮಾಲೀಕರು ನೋಡಿ, ಹಿಂದೆ 'ಹಾರ್ನ್ ಮಾಡಿ' ಅಂತಲೂ ಬರೆದುಬಿಡ್ರಿ, ಲಾರಿ ಪೂರ್ತಿ ಆಗಲಿ ಅಂದರು.

೩. ರಾಕ್ಷಸ

ತಮ್ಮ ತಾಯಿಗೆ ತಿಳಿದರೆ ಮಕ್ಕಳಿಗೂ ತಿಳಿಯುತ್ತೆ ಅನ್ನೋದು ಮಾಲೀಕರ ಲೆಕ್ಕ. ಕತೆ ಹೇಳಿ ಬರೋಕೆ ನನ್ನನ್ನ ತಾಯಿ ಇದ್ದ ಹರಿಹರಕ್ಕೆ ಕಳಿಸಿದರು. ಆ ಅಜ್ಜಿ ಎಲೆಯಡಿಕೆ ಹಾಕಿಕೊಂಡು ಕೇಳಿಸಿಕೊಂಡಿತು. ಚಿಮಣಿಯೊಳಗೆ ಹುಡುಗಿಗೆ ಹೊಗೆ ಕುಡಿದು ಉಸಿರು ಕಟ್ಟಲ್ಲವೇನೋ ಅಂತ ಕೇಳಿತು. ಇಲ್ಲಮ್ಮ, ರಾಕ್ಷಸ ಮಿಲ್ಲು ಮುಚ್ಚಿ, ಕೂಲಿ ಕೊಡದೆ ಎಲ್ಲರನ್ನೂ ಮನೆಗೆ ಕಳಿಸಿದಾನೆ ಅಂದೆ.

"ಅಯ್ಯ ತಮ್ಮಾ, ಹಂಗಾರೆ ಅವ ರಾಕ್ಷಸ ಅಲ್ಲ, ಮಾಲೀಕ."

ಈ ಅಭಿಪ್ರಾಯವನ್ನ ನಾನು ಪ್ರೆಸ್ಸಿಗೆ ತಲುಪಿಸಲಿಲ್ಲ.

೪. ಮುಹೂರ್ತ

ಕತೆ ಮದುವೆಯಲ್ಲಿ ಮುಗಿಯುತ್ತೆ. ಕೊನೇ ಪುಟದ ಚೌಕದಲ್ಲಿ 'ಇಲ್ಲಿ ಮದುವೆ' ಅಂತ ಪೆನ್ಸಿಲಿನಲ್ಲಿ ಬರೆದು, ನಾಲ್ಕು ಸಾಲು ನೀವೇ ಜೋಡಿಸಿ ಅಂತ ಕಂಪೋಜಿಟರಿಗೆ ಹೇಳಿದೆ. ಅವರು ಜನ್ಮವಿಡೀ ಲಗ್ನಪತ್ರಿಕೆಯ ಅಚ್ಚಿನ ಮೊಳೆ ಜೋಡಿಸಿದವರು. ಪಕ್ಕದಲ್ಲಿ ಯಾರದೋ ಲಗ್ನಪತ್ರಿಕೆ ಮೊಳೆ ಜೋಡಿಸಿ ಇಟ್ಟಿತ್ತು. ಅದರಲ್ಲಿ ವಧೂವರರ ಹೆಸರು ತೆಗೆದು ರಾಜಕುಮಾರ, ರಾಜಕುಮಾರಿ ಅಂತ ಕೂರಿಸಿದರು. ಮುಹೂರ್ತ, ಕಲ್ಯಾಣಮಂಟಪ, 'ಸಕುಟುಂಬ ಸಮೇತರಾಗಿ ಬಂದು' ಎಲ್ಲಾ ಹಂಗೇ ಉಳೀತು. ನಾನು ನೋಡೋ ಹೊತ್ತಿಗೆ ಪುಸ್ತಕ ಹರಿಹರ, ಆನಗೋಡಿನ ಅಂಗಡಿ ಸೇರಿಯಾಗಿತ್ತು. ಇದೇನ್ರಿ ಅಂತ ಕಂಪೋಜಿಟರನ್ನ ಕೇಳಿದರೆ, ಮದುವೆ ಅಂದಮೇಲೆ ಮುಹೂರ್ತ ಬ್ಯಾಡವೇನ್ರಿ ಅಂತ ನನ್ನನ್ನೇ ಕೇಳಿದರು.

ನಮ್ಮೂರಲ್ಲಿ ಪತ್ರಿಕೆ ಕೈಗೆ ಬಂದಮೇಲೆ ಹೋಗದಿದ್ದರೆ ಮರ್ಯಾದೆ ಅಲ್ಲ. ಮುಹೂರ್ತದ ದಿನ ಮಾಲೀಕರೂ ನಾನೂ ಆ ಮಂಟಪಕ್ಕೆ ಓಡಿದೆವು. ಕೈಯಲ್ಲಿ ಪುಸ್ತಕ ಹಿಡಿದ ಮಕ್ಕಳು, ಹಿಂದೆ ಅವರ ತಾಯಂದಿರು, ಕೆಲವರ ಕೈಯಲ್ಲಿ ಸ್ಟೀಲಿನ ಡಬ್ಬಿ. ಒಂದು ಪುಟ್ಟ ಹುಡುಗಿ ಸೀದಾ ಮದುಮಗನ ಮುಂದೆ ನಿಂತು, ಕುದುರೆ ಎಲ್ಲಿ ಅಂತು. ಅವನು ಪಾಪ, ಹರಿಹರದಿಂದ ಬಸ್ಸಿಗೆ ಬಂದೆ ಅಂದ. ಹುಡುಗಿ ಮದುಮಗಳ ಕಡೆ ತಿರುಗಿತು.

"ಅಕ್ಕಾ, ಇವ ಅಲ್ಲ. ಇನ್ನೊಂದು ಸ್ವಲ್ಪ ತಡಿ, ಬರ್ತಾನೆ."

ಮದುಮಗಳು ತಲೆ ಬಗ್ಗಿಸಿ ನಕ್ಕಳು. ಮದುಮಗ ನಗಲಿಲ್ಲ.

ನಮ್ಮ ಮಾಲೀಕರ ಕಣ್ಣೆಲ್ಲ ಮಕ್ಕಳ ಕೈಯಲ್ಲಿದ್ದ ಪುಸ್ತಕದ ಮೇಲೆ. ಅಂಗಡಿಯವರು ಇನ್ನೂ ಬೇಕು ಅಂತ ಕೇಳ್ತಿದಾರೆ, ಪ್ರೆಸ್ಸಿನಲ್ಲಿ ಒಂದೂ ಉಳಿದಿಲ್ಲ, ಎರಡನೇ ಭಾಗ ಶುರು ಮಾಡ್ರಿ ಅಂದುಬಿಟ್ಟರು. ನನಗೆ ಕಣ್ಣು ತುಂಬಿ ಬಂತು. ಮತ್ತೆ ಮತ್ತೆ ಅನ್ನಕ್ಕಿಡಿಸಿ ಸುಸ್ತಾಗಿ ಪಕ್ಕದಲ್ಲೇ ನಿಂತಿದ್ದ ಹೆಣ್ಣಿನ ತಂದೆಯ ಕಿವಿಗೆ ಈ ಮಾತು ಬಿತ್ತು. ಬಂದು ನನಗೆ ಕೈ ಮುಗಿದರು.

"ಎರಡನೇ ಭಾಗ ಮಾಡ್ರಿ, ಬ್ಯಾಡ ಅನ್ನಲ್ಲ. ಅದರಾಗೆ ಮಾತ್ರ ಯಾರಿಗೂ ಮದುವಿ ಮಾಡಬ್ಯಾಡ್ರಿ. ನನಗೆ ಇನ್ನೂ ಇಬ್ರು ಹೆಣ್ಮಕ್ಕಳು ಅದಾರೆ."