ನಿಪ್ಪಾಣಿ ಸಿಟಿ ಬಸ್ಸಿನಲ್ಲಿ ಹೋದ ನನ್ನ ಮಾನ

ಕಂಡಕ್ಟರನಿಗೆ ಖಾಕಿ ಅಂಗಿ ಕೊಡುತ್ತಾರೆ, ಮಾನ ಮಾತ್ರ ಅವನೇ ಕಾಯ್ದುಕೊಳ್ಳಬೇಕು. ಎಂಬತ್ತರ ದಶಕದ ಕೊನೆಗೆ ನಾನು ನಿಪ್ಪಾಣಿಯಲ್ಲಿ ಸಿಟಿ ಬಸ್ಸಿಗೆ ಹೊಸದಾಗಿ ಸೇರಿದ್ದೆ. ಬೀಡಿ ಕಟ್ಟುವವರ ಗಲ್ಲಿಗಳಿಂದ ತಂಬಾಕು ತುಂಬಿಡುವ ವಖಾರಿಗಳ ತನಕ ದಿನವಿಡೀ ಅದೇ ದಾರಿ, ಅದೇ ಕೂಲಿ ಹೆಂಗಸರು. ಇವತ್ತು ನನ್ನ ಮಾನ ಹೋದದ್ದನ್ನು ನೋಡಿದವರೇ ನಾಳೆಯೂ ಹತ್ತುತ್ತಿದ್ದರು.

ಸೀನು

ಸಂಜೆ ವಖಾರಿ ಬಿಟ್ಟಾಗ ಹೆಂಗಸರ ಸೀರೆಗಳಿಂದ ತಂಬಾಕಿನ ಧೂಳು ಏಳುತ್ತಿತ್ತು. ಅವರಿಗೆ ರೂಢಿ, ನನಗೆ ಸೀನು. ಒಂದು ಸೀಟಿ ಊದಿದರೆ ನಿಲ್ಲುವುದು, ಎರಡು ಊದಿದರೆ ಹೊರಡುವುದು, ಇದು ಡ್ರೈವರ್ ಮಾಮಾನ ಲೆಕ್ಕ. ಒಂದು ಸಂಜೆ ಮುದುಕಿಯೊಬ್ಬಳ ಬುಟ್ಟಿ ಎತ್ತಿಕೊಡಲು ಕೆಳಗಿಳಿದೆ. ಬುಟ್ಟಿ ಒಳಗೆ ಹೋಯಿತು, ಮುದುಕಿಯೂ ಹತ್ತಿದಳು. ಸೀಟಿ ಬಾಯಲ್ಲಿದ್ದಾಗಲೇ ನನಗೆ ಎರಡು ಸೀನು ಬಂದವು. ಬಸ್ಸು ಹೊರಟೇಹೋಯಿತು.

ಚೀಲ ಕಂಕುಳಲ್ಲಿ ಹಿಡಿದು, ಬಜಾರದವರೆಲ್ಲ ನೋಡುತ್ತಿರುವಂತೆ ಓಡಿದೆ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. "ಮಾಮಾಗ ಯಾರೂ ಹೇಳಲಿಲ್ಲೇನ್ರಿ?" ಎಂದು ಏದುಸಿರಲ್ಲೇ ಕೇಳಿದೆ.

ಮುದುಕಿ, "ಸೀಟಿ ಹೊಡದಾಂವ ನೀನ ಅಲ್ಲೇನ ತಮ್ಮಾ? ನಡಕೊಂಡ ಬರ್ತಾನೇನೋ ಅಂದ್ವಿ" ಅಂದಳು.

ಹಾಲು

ನನ್ನ ಮರಾಠಿ ಅರ್ಧಂಬರ್ಧ. ಒಮ್ಮೆ ಗದ್ದಲದಲ್ಲಿ ಒಬ್ಬ ಹೆಂಗಸಿನ ಸೆರಗು ನನ್ನ ಚೀಲದ ಕೊಂಡಿಗೆ ಸಿಕ್ಕಿಕೊಂಡಿತ್ತು. ನನಗದು ಕಾಣಲಿಲ್ಲ. ಆಕೆ, "ಹಲೂ ನಕೋ, ಹಲೂ ನಕೋ" ಅಂದಳು. ನಕೋ ಅಂದರೆ ಬೇಡ, ಅಷ್ಟು ಗೊತ್ತಿತ್ತು.

"ಹಾಲ ಬ್ಯಾಡಾದ್ರ ಬಿಡ್ರಿ ಬಾಯಿ, ನಾ ಏನ ಹಾಲ ಮಾರಾಕ ಬಂದೇನೇನು?" ಎಂದು ಮುಂದೆ ನಡೆದೆ. ಸೆರಗು ಪರ್ರೆಂದು ಹರಿಯಿತು. ಆಕೆ ಹೇಳಿದ್ದು, ಅಲುಗಾಡಬೇಡ ಎಂದು.

ಆ ದಿನ ಯಾರ ಮುಖ ನೋಡಲೂ ಆಗಲಿಲ್ಲ. ಮರುದಿನ ಆಕೆ ಹೊಲಿದ ಸೆರಗು ಹೊದ್ದು ಹತ್ತಿದಳು. ಹಿಂದೆ ಬರುವವರಿಗೆ ಕನ್ನಡದಲ್ಲೇ ಹೇಳಿದಳು: "ಸೆರಗ ಹಿಡಕೋರಿ, ಹಾಲಿನಾಂವ ಅದಾನ."

ಕನ್ಯಾ ನೋಡಿದ್ದು

ನನ್ನೂರು ದಿಗ್ಗೇವಾಡಿ. ಅಲ್ಲಿಂದ ಅವ್ವ, ಕಾಕಾ ಬಂದು ನನ್ನನ್ನು ಭೋಜ ಎಂಬ ಊರಿಗೆ ಕನ್ಯಾ ನೋಡಲು ಕರೆದೊಯ್ದರು. ಹಿಂದೆ ಹೀಗೆ ಹೋದಲ್ಲೆಲ್ಲ ನಾನು ಬಾಯಿ ತೆರೆಯದೆ ಕೂತದ್ದರಿಂದ, ಹುಡುಗ ಮೂಕನಿರಬೇಕು ಎಂದು ಸುದ್ದಿಯಾಗಿತ್ತು. "ಈ ಸಲ ಹುಡುಗಿಗೆ ಏನರೆ ಒಂದ ಕೇಳಾಕ ಬೇಕು" ಎಂದು ಕಾಕಾ ಗದರಿಸಿದ್ದ.

ಹುಡುಗಿ ಬಂದು ಅವಲಕ್ಕಿ ತಟ್ಟೆ ಮುಂದೆ ಹಿಡಿದಳು. ಪಡಸಾಲೆ ತುಂಬ ಹಿರಿಯರು. ಕಾಕಾ ಮೊಣಕೈಯಿಂದ ತಿವಿದ. ಎದುರಿಗೆ ಯಾರಾದರೂ ಕೈ ಚಾಚಿದರೆ ನನ್ನ ಬಾಯಿಗೆ ಬರುವುದು ಒಂದೇ ಮಾತು.

"ಎಲ್ಲಿಗ್ರಿ?" ಅಂದುಬಿಟ್ಟೆ.

ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಕಾ ಬಾಗಿಲಾಚೆ ತನ್ನ ಚಪ್ಪಲಿ ಎಲ್ಲಿವೆ ಎಂದು ನೋಡತೊಡಗಿದ.

ಹುಡುಗಿ ತಲೆ ಎತ್ತಲಿಲ್ಲ. ತಟ್ಟೆಯನ್ನು ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದಳು:

"ದಿಗ್ಗೇವಾಡಿಗೆ ಒಂದ ಕೊಡ್ರಿ."